ಹೆದರಿಕೆ ಕಲಿಸುವ ಮಾಸ್ತರು ನಾವೇ

ಕಳೆದ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೋಗಿದ್ದೆ. ಹಬ್ಬದ ಎರಡನೆಯ ದಿನ, ಮಧ್ಯಾಹ್ನದ ಊಟದ ಹೊತ್ತು. ಅಣ್ಣನ ಮಗಳಿಗೆ ನಾಲ್ಕು ವರ್ಷ. ಹೋಳಿಗೆಯನ್ನಷ್ಟೇ ತಿಂದು ಅನ್ನ ಬಿಟ್ಟು ಎದ್ದಳು. ಅವ್ವ ಎಂದಿನ ದನಿಯಲ್ಲೇ ಹೇಳಿದಳು: "ಉಣ್ಣಲಿಲ್ಲಂದ್ರ ಡಾಕ್ಟರ್ ಕಡೆ ಕರ್ಕೊಂಡು ಹೋಗಿ ಸೂಜಿ ಚುಚ್ಚಸ್ತೀನಿ ನೋಡು." ಹುಡುಗಿ ತಿರುಗಿ ಬಂದು ಕೂತಳು. ಬಾಯಿ ತೆರೆದಳು, ತುತ್ತು ನುಂಗಿದಳು. ಎಲ್ಲರೂ ನಕ್ಕರು.

ಎದುರಿಗೆ ಕೂತಿದ್ದ ಅಪ್ಪ ನಗಲಿಲ್ಲ. ಅವರಿಗೆ ಈಗ ಎಡಗಣ್ಣು ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಕಾರಣ ಒಂದು ಸೂಜಿ. ಚುಚ್ಚಿದ ಸೂಜಿಯಲ್ಲ, ಹನ್ನೊಂದು ವರ್ಷ ಅವರು ಚುಚ್ಚಿಸಿಕೊಳ್ಳದೆ ಬಿಟ್ಟ ಸೂಜಿ.

ಈ ಲೇಖನ ಅವ್ವನ ಮೇಲಿನ ದೂರಲ್ಲ. ನಮ್ಮೆಲ್ಲರ ಮೇಲಿನ ದೂರು, ನನ್ನನ್ನೂ ಸೇರಿಸಿ. ನಾನು ಹೇಳಬೇಕಾದ್ದು ಇಷ್ಟೆ. ಫೋಬಿಯಾವನ್ನು ನಾವು 'ಸ್ವಭಾವ' ಎಂದು ಕರೆದು ಕೈ ತೊಳೆದುಕೊಳ್ಳುತ್ತೇವೆ. ಅದು ಬಹುಮಟ್ಟಿಗೆ ಕಲಿಕೆ. ಕಲಿಕೆ ಎಂದಮೇಲೆ ಕಲಿಸಿದವರಿರುತ್ತಾರೆ, ಕಲಿತದ್ದು ಮರೆಯದಂತೆ ದಿನದಿನವೂ ಪಾಠ ಒಪ್ಪಿಸಿಕೊಳ್ಳುವವರಿರುತ್ತಾರೆ. ಬಹಳಷ್ಟು ಮನೆಗಳಲ್ಲಿ ಆ ಮಾಸ್ತರು ನಾವೇ. ಇನ್ನು, ಹೀಗೆ ಕಲಿತದ್ದರ ಮೇಲೆ ಬೇರೊಂದು ಪಾಠ ಕಲಿಯಬಹುದು ಎಂಬುದು ನೂರು ವರ್ಷಗಳಿಂದ ಗೊತ್ತಿರುವ ಸಂಗತಿ. ಅದು ಗೊತ್ತಿದ್ದೂ 'ಅವರದು ಹಂಗ, ಮೊದಲಿಂದ' ಎಂದು ಕೂರುವುದು ಪ್ರೀತಿಯೂ ಅಲ್ಲ, ಸಹನೆಯೂ ಅಲ್ಲ. ಸೋಮಾರಿತನ.

ಕಂಬ ಹತ್ತುವವರು, ಸೂಜಿಗೆ ಅಂಜುವವರು

ಅಪ್ಪ ಪುಕ್ಕಲರಲ್ಲ. ಲೈನ್‌ಮನ್ ಕೆಲಸದಲ್ಲಿದ್ದು ನಿವೃತ್ತರಾದವರು. ಆಷಾಢದ ಮಳೆಯಲ್ಲಿ ರಾತ್ರಿ ಹನ್ನೆರಡಕ್ಕೆ ಫೋನು ಬಂದರೆ ಟಾರ್ಚು ಹಿಡಿದು ಕಂಬ ಹತ್ತಿದವರು. ಆದರೆ ರಕ್ತ ತೆಗೆಯುತ್ತಾರೆ ಎಂದರೆ ಹಣೆ ಬೆವರುತ್ತಿತ್ತು. ಲ್ಯಾಬಿನ ಬಾಗಿಲಲ್ಲಿ ಸ್ಪಿರಿಟ್ ವಾಸನೆ ಮೂಗಿಗೆ ಬಂದರೆ ಸಾಕು, ಹೊರಗೆ ಬಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಒಮ್ಮೆ ಅಲ್ಲೇ ಕುಸಿದು ಬಿದ್ದದ್ದೂ ಉಂಟು. ಮನೆಯಲ್ಲಿ ಇದೊಂದು ತಮಾಷೆಯ ಕತೆಯಾಗಿತ್ತು: ಹನ್ನೊಂದು ಸಾವಿರ ವೋಲ್ಟಿಗೆ ಅಂಜದವರು ಒಂದಿಂಚು ಸೂಜಿಗೆ ಅಂಜುತ್ತಾರೆ.

ಎರಡು ವರ್ಷದ ಹಿಂದೆ ಕಣ್ಣು ಮಂಜಾಯಿತು. ಪೊರೆ ಬಂದಿರಬೇಕು ಎಂದುಕೊಂಡು ಕಣ್ಣಿನ ಡಾಕ್ಟರ ಬಳಿ ಹೋದರು. ಅವರು ಔಷಧ ಹಾಕಿ, ಒಳಗೆ ಬೆಳಕು ಹಾಯಿಸಿ ನೋಡಿ ಕೇಳಿದರಂತೆ: "ಶುಗರ್ ಎಷ್ಟ್ ವರ್ಷದಿಂದ ಅದ?" ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಎಂದು ನಮಗೆ ತಿಳಿದದ್ದು ಆ ಪ್ರಶ್ನೆಯಿಂದ. ಕಣ್ಣಿನ ಪರದೆಯ ಸಣ್ಣ ರಕ್ತನಾಳಗಳು ಅಷ್ಟರಲ್ಲಿ ಕೆಟ್ಟಿದ್ದವು.

ಇಲ್ಲಿ ಒಂದು ವ್ಯತ್ಯಾಸ ಸ್ಪಷ್ಟವಾಗಿರಲಿ. ಸೂಜಿ ಎಂದರೆ ಮುಖ ಸಿಂಡರಿಸುವುದು ಫೋಬಿಯಾ ಅಲ್ಲ, ಅದು ಎಲ್ಲರಿಗೂ ಇರುವುದೇ. ನಿಜವಾದ ಅಪಾಯಕ್ಕೆ ಹೋಲಿಸಿದರೆ ತೀರಾ ಹೆಚ್ಚಾದ ಭಯ, ತಿಂಗಳುಗಟ್ಟಲೆ ಬಿಡದ ಭಯ, ಅದರಿಂದ ತಪ್ಪಿಸಿಕೊಳ್ಳಲೆಂದು ಮನುಷ್ಯ ತನ್ನ ಬದುಕಿನ ದಾರಿಯನ್ನೇ ಬದಲಿಸಿಕೊಳ್ಳುವಷ್ಟು ಭಯ: ಇದು ಫೋಬಿಯಾ. 'ಇದು ಜಾಸ್ತಿಯಾಯಿತು' ಎಂದು ಆ ಮನುಷ್ಯನಿಗೇ ಗೊತ್ತಿರುವುದು ಸಾಮಾನ್ಯ. ಗೊತ್ತಿದ್ದರೆ ಮಾತ್ರ ಏನೂ ಆಗುವುದಿಲ್ಲ. ಅಪ್ಪನಿಗೂ ಗೊತ್ತಿತ್ತು.

ನಾನು ಭಾಷಾವಿಜ್ಞಾನ ಓದಿದವಳು. ಇಂಥಲ್ಲಿ ನನ್ನ ಕಿವಿ ವಾಕ್ಯದ ಕಡೆಗೇ ಹೋಗುತ್ತದೆ. ಕನ್ನಡದಲ್ಲಿ ತನ್ನ ಭಯವನ್ನು ಹೇಳಿಕೊಳ್ಳುವವನು 'ನನಗೆ ಭಯ ಆಗುತ್ತದೆ' ಎನ್ನುತ್ತಾನೆ. ನನಗೆ ಹಸಿವಾಗುತ್ತದೆ, ನನಗೆ ನಿದ್ದೆ ಬರುತ್ತದೆ, ನನಗೆ ನೆಗಡಿಯಾಗಿದೆ ಎಂದಂತೆ. ಭಯ ಅಲ್ಲಿ ಬಂದು ಹೋಗುವ ಅತಿಥಿ. ಅದೇ ಮನುಷ್ಯನನ್ನು ಪಕ್ಕದವರು ಬಣ್ಣಿಸುವಾಗ ವಾಕ್ಯ ಬದಲಾಗುತ್ತದೆ: ಅವನು ಪುಕ್ಕಲ, ಅವಳು ಅಂಜುಬುರುಕಿ. ಬಂದುಹೋಗುವ ಅತಿಥಿಯನ್ನು ಮನೆಯ ಯಜಮಾನ ಮಾಡಿಬಿಟ್ಟೆವು. ವ್ಯಾಕರಣ ಮನಶ್ಶಾಸ್ತ್ರಕ್ಕೆ ಪುರಾವೆಯಲ್ಲ, ಒಪ್ಪುತ್ತೇನೆ. 'ನಾನು ಹೆದರುತ್ತೇನೆ' ಎಂದೂ ಹೇಳಬಹುದಲ್ಲ. ಆದರೂ ಈ ವಿಷಯದಲ್ಲಿ ಪಕ್ಕದವರ ವಾಕ್ಯಕ್ಕಿಂತ ಭಯಪಡುವವನ ವಾಕ್ಯವೇ ವಿಜ್ಞಾನಕ್ಕೆ ಹತ್ತಿರ.

ಮೊದಲ ದಾರಿ: ಮೈಮೇಲೆ ಬಂದದ್ದು

ಒಂದು ಪಠ್ಯದ ಅನುವಾದಕ್ಕಾಗಿ ಕಳೆದ ವರ್ಷ ಕಲಿಕೆಯ ಅಧ್ಯಾಯವೊಂದನ್ನು ಕನ್ನಡಕ್ಕೆ ತಂದೆ. ಪಾವ್ಲೋವ್ ತೋರಿಸಿಕೊಟ್ಟದ್ದನ್ನು ನಮ್ಮ ಬಿ.ಎಡ್. ಪುಸ್ತಕಗಳು 'ಶಾಸ್ತ್ರೀಯ ಅನುಬಂಧನ' ಎನ್ನುತ್ತವೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯಲು ಹೇಳಿ ಮಾಡಿಸಿದ ಪದ. ಸಂಗತಿ ಸರಳವಾದದ್ದು. ತಾನಾಗಿ ಏನೂ ಅಲ್ಲದ ಒಂದು ವಸ್ತು, ಮೈಯನ್ನು ನಡುಗಿಸುವ ಇನ್ನೊಂದರ ಜೊತೆಗೆ ಬಂದರೆ, ಮುಂದೆ ಅದೊಂದೇ ಬಂದಾಗಲೂ ಮೈ ನಡುಗುತ್ತದೆ. ಸ್ಪಿರಿಟ್ ವಾಸನೆಯಲ್ಲಿ ನೋವೇನಿಲ್ಲ. ನೋವಿನ ಮುಂಚೆ ಬಂದ ವಾಸನೆ ಅದು, ಅಷ್ಟೆ.

ಇದನ್ನು ಭಯಕ್ಕೆ ಅನ್ವಯಿಸಿದ ಪ್ರಸಿದ್ಧ ಪ್ರಯೋಗ 1920ರಲ್ಲಿ ಪ್ರಕಟವಾಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾನ್ ವಾಟ್ಸನ್ ಮತ್ತು ರೋಸಾಲಿ ರೇನರ್, ಆಲ್ಬರ್ಟ್ ಎಂದು ಅವರು ಕರೆದ ಹನ್ನೊಂದು ತಿಂಗಳ ಕೂಸಿನ ಮುಂದೆ ಬಿಳಿ ಇಲಿಯನ್ನು ಬಿಟ್ಟರು. ಕೂಸಿಗೆ ಇಲಿಯ ಭಯವಿರಲಿಲ್ಲ, ಮುಟ್ಟಲು ಕೈ ಚಾಚಿತು. ಆಗ ಅದರ ಬೆನ್ನ ಹಿಂದೆ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಬಡಿದರು. ಒಂದು ವಾರದ ಅಂತರದಲ್ಲಿ, ಎರಡು ದಿನ ಸೇರಿ ಏಳು ಸಲ. ಆಮೇಲೆ ಸದ್ದು ಬೇಕಾಗಲಿಲ್ಲ. ಇಲಿ ಕಂಡರೆ ಕೂಸು ಅತ್ತು ತೆವಳಿಕೊಂಡು ದೂರ ಹೋಗುತ್ತಿತ್ತು. ಐದು ದಿನ ಬಿಟ್ಟು ನೋಡಿದರೆ ಮೊಲಕ್ಕೂ, ನಾಯಿಗೂ, ತುಪ್ಪಳದ ಕೋಟಿಗೂ ಹೆದರಿಕೆ ಹಬ್ಬಿತ್ತು. ಹಾವಿಗೆ ಹೆದರಿದವನು ಹಗ್ಗ ಕಂಡರೂ ಬೆಚ್ಚುತ್ತಾನೆ ಎನ್ನುವುದು ನಾವು ಆಡುವ ಮಾತೇ. ಅಪ್ಪನ ವಿಷಯದಲ್ಲೂ ಹಾಗೆಯೇ ಆಯಿತು. ಸೂಜಿಯಿಂದ ಸಿರಿಂಜಿಗೆ, ಅಲ್ಲಿಂದ ಹತ್ತಿಗೆ, ವಾಸನೆಗೆ, ಕೊನೆಗೆ ಆ ರಸ್ತೆಗೇ.

ಆಲ್ಬರ್ಟನ ಕತೆಯನ್ನು ಪಠ್ಯಗಳು ಇಲ್ಲಿಗೆ ನಿಲ್ಲಿಸುತ್ತವೆ. ನಿಲ್ಲಿಸಬಾರದು. ಅದು ಒಂದೇ ಒಂದು ಕೂಸು. ಹೋಲಿಸಿ ನೋಡಲು ಇನ್ನೊಂದಿರಲಿಲ್ಲ. ಹೆಬ್ಬೆರಳು ಚೀಪುತ್ತಿರುವಾಗ ಭಯ ಕಾಣಿಸುತ್ತಲೇ ಇರಲಿಲ್ಲ ಎಂದು ಆ ಇಬ್ಬರೇ ಬರೆದಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕಲಿಸಿದ ಭಯವನ್ನು ಅವರು ಕಳೆಯಲಿಲ್ಲ. ಕೂಸು ಆಸ್ಪತ್ರೆ ಬಿಟ್ಟು ಹೋಯಿತು. ಇಂದು ಯಾವ ವಿಶ್ವವಿದ್ಯಾಲಯವೂ ಇಂಥ ಪ್ರಯೋಗಕ್ಕೆ ಒಪ್ಪಿಗೆ ಕೊಡುವುದಿಲ್ಲ. ಓದಿದವರೆಲ್ಲ ವಾಟ್ಸನ್ನನನ್ನು ಬೈಯುತ್ತಾರೆ. ಬೈಯಲಿ. ಆದರೆ ಊಟದ ಹೊತ್ತಿಗೆ ದಿನಕ್ಕೆರಡು ಸಲ ಸೂಜಿಯ ಹೆಸರು ಹೇಳಿ ಮಗುವಿನ ಮೈ ನಡುಗಿಸುವ ನಾವು ಯಾರ ಒಪ್ಪಿಗೆ ಪಡೆದಿದ್ದೇವೆ?

ಎರಡನೆಯ ದಾರಿ: ಕಂಡದ್ದು. ಮೂರನೆಯದು: ಕೇಳಿದ್ದು

ಫೋಬಿಯಾ ಇರುವ ಎಷ್ಟೋ ಜನರಿಗೆ ಅಂಥ ಘಟನೆಯೇ ನೆನಪಿಲ್ಲ. ನಾಯಿಗೆ ಹೆದರುವವರನ್ನೆಲ್ಲ ನಾಯಿ ಕಚ್ಚಿರುವುದಿಲ್ಲ. ಇದನ್ನೇ ಹಿಡಿದುಕೊಂಡು 'ನೋಡಿ, ಇದು ಕಲಿತದ್ದಲ್ಲ, ಹುಟ್ಟುಗುಣ' ಎನ್ನುವವರಿದ್ದಾರೆ. ಅವರು ಕಲಿಕೆ ಎಂದರೆ ಪೆಟ್ಟು ತಿನ್ನುವುದು ಮಾತ್ರ ಎಂದುಕೊಂಡಿದ್ದಾರೆ. ಮನಶ್ಶಾಸ್ತ್ರಜ್ಞ ರಾಕ್ಮನ್ 1977ರಲ್ಲಿ ಭಯ ಬರುವ ದಾರಿಗಳನ್ನು ಮೂರೆಂದು ಎಣಿಸಿದರು: ತನಗೇ ಆದದ್ದು, ಇನ್ನೊಬ್ಬರಿಗೆ ಆದದ್ದನ್ನು ಕಂಡದ್ದು, ಇನ್ನೊಬ್ಬರು ಹೇಳಿ ಕೇಳಿದ್ದು.

ಕಂಡು ಕಲಿಯುವುದಕ್ಕೆ ಒಳ್ಳೆಯ ಉದಾಹರಣೆ ಕೋತಿಗಳದು. 1980ರ ದಶಕದಲ್ಲಿ ಸೂಸನ್ ಮಿನೇಕಾ, ಮೈಕೇಲ್ ಕುಕ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ರೀಸಸ್ ಕೋತಿಗಳ ಮೇಲೆ ಕೆಲಸ ಮಾಡಿದರು. ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ ಕೋತಿಗಳಿಗೆ ಹಾವಿನ ಭಯವಿರಲಿಲ್ಲ. ಕಾಡಿನಲ್ಲಿ ಬೆಳೆದ ಕೋತಿ ಹಾವು ಕಂಡು ಗಾಬರಿಯಾಗುವುದನ್ನು ಅವು ಕೆಲವು ನಿಮಿಷ ನೋಡಿದವು, ಅಷ್ಟೆ. ಭಯ ಹತ್ತಿಕೊಂಡಿತು. ಮೂರು ತಿಂಗಳಾದರೂ ಹೋಗಲಿಲ್ಲ. ಹಾವು ಇವುಗಳನ್ನು ಮುಟ್ಟಿಯೇ ಇರಲಿಲ್ಲ.

'ನಿಮಗೆ ಇದು ಎಲ್ಲಿಂದ ಶುರುವಾಯಿತು' ಎಂದು ಅಪ್ಪನನ್ನು ಕೇಳಿದ್ದೆ. ಶಾಲೆಗೆ ಲಸಿಕೆ ಹಾಕುವವರು ಬಂದಿದ್ದರಂತೆ. ಹುಡುಗರನ್ನು ಸಾಲಾಗಿ ನಿಲ್ಲಿಸಿದ್ದರಂತೆ. "ನಂಗ್ ಚುಚ್ಚಿದ್ದು ನೆನಪಿಲ್ಲ ಬೇ. ನನ್ನ ಮುಂದ ನಿಂತಾವ ಧಪ್ ಅಂತ ಬಿದ್ದ. ಅದ್ ನೆನಪದ." ಅರವತ್ತು ವರ್ಷದ ಹಿಂದಿನ ನೆನಪನ್ನು ಸಾಕ್ಷಿಯೆಂದು ಹಿಡಿಯಲು ಬರುವುದಿಲ್ಲ. ಹೇಳಿ ಹೇಳಿ ನೆನಪೂ ಕತೆಯಾಗುತ್ತದೆ. ಆದರೂ ಅವರು ಹೇಳಿದ್ದು ತಮ್ಮ ತೋಳಿನ ಕತೆಯಲ್ಲ, ಮುಂದಿನವನ ಬೆನ್ನಿನ ಕತೆ ಎಂಬುದನ್ನು ಗಮನಿಸಿ.

ಕೇಳಿ ಕಲಿಯುವುದರ ಬಗ್ಗೆ ಇಂಗ್ಲೆಂಡಿನ ಆಂಡಿ ಫೀಲ್ಡ್ ಮಾಡಿದ ಕೆಲಸವಿದೆ. 2003ರ ಒಂದು ಅಧ್ಯಯನದಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಅವರು ಎಂದೂ ಕಂಡಿರದ, ಹೆಸರೂ ಕೇಳಿರದ ಆಸ್ಟ್ರೇಲಿಯಾದ ಪ್ರಾಣಿಗಳ ಚಿತ್ರ ತೋರಿಸಿದರು. ಒಂದರ ಬಗ್ಗೆ ಒಳ್ಳೆಯ ಮಾತು, ಇನ್ನೊಂದರ ಬಗ್ಗೆ ಕೆಟ್ಟ ಮಾತು ಹೇಳಿದರು. ಆಮೇಲೆ ಆ ಪ್ರಾಣಿಗಳಿವೆ ಎಂದು ಹೇಳಿ ಪೆಟ್ಟಿಗೆಗಳನ್ನಿಟ್ಟು ಕೈ ಹಾಕಲು ಕರೆದರು. ಕೆಟ್ಟ ಮಾತು ಕೇಳಿದ್ದ ಪ್ರಾಣಿಯ ಪೆಟ್ಟಿಗೆಯ ಮುಂದೆ ಮಕ್ಕಳು ಹಿಂಜರಿದರು. ಕಚ್ಚಿದ್ದಿಲ್ಲ, ಕಂಡದ್ದೂ ಇಲ್ಲ. ಒಬ್ಬ ದೊಡ್ಡವರ ಬಾಯಿಮಾತು, ಅಷ್ಟೆ.

ಈಗ ನಮ್ಮ ಮನೆಗೆ ಬನ್ನಿ. ನಿದ್ದೆ ಮಾಡದಿದ್ದರೆ ಗುಮ್ಮ. ಹಟ ಮಾಡಿದರೆ ಪೊಲೀಸ್. ಊಟ ಬಿಟ್ಟರೆ ಡಾಕ್ಟರು, ಸೂಜಿ. ನೀವಿರುವ ಊರಿನಲ್ಲೂ ಇವರಿಗೆ ನೆಂಟರಿದ್ದಾರೆ: ಮರಾಠಿಯ ಬಾಗುಲಬುವಾ, ತಮಿಳಿನ ಪೂಚ್ಚಾಂಡಿ, ತೆಲುಗಿನ ಬೂಚೋಡು. ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ಅಮ್ಮನನ್ನು ಬೇಡಿಕೊಳ್ಳುತ್ತಾನೆ. ಕೇಳಲು ಮುದ್ದಾಗಿದೆ. ಗುಮ್ಮ ಎಲ್ಲೂ ಇಲ್ಲ, ಹಾಗಾಗಿ ಮಗು ದೊಡ್ಡದಾದಂತೆ ಗುಮ್ಮನ ಭಯ ಹೆಚ್ಚಿನ ಮಟ್ಟಿಗೆ ತಾನೇ ಸಾಯುತ್ತದೆ. ಸೂಜಿ ಹಾಗಲ್ಲ. ಸೂಜಿ ನಿಜವಾಗಿ ಇದೆ, ನಿಜವಾಗಿ ನೋಯುತ್ತದೆ. ನಾವು ಕೊಟ್ಟ ಬೆದರಿಕೆ ಲಸಿಕೆಯ ದಿನ ನಿಜವಾಗುತ್ತದೆ. ಕೇಳಿದ ಪಾಠಕ್ಕೆ ಮೈಯ ಪಾಠ ಸೇರಿ, ಪಕ್ಕದ ಮಗುವಿನ ಕಿರುಚಾಟವೂ ಸೇರಿ, ಮೂರು ದಾರಿಯೂ ಒಂದೇ ಕೋಣೆಯಲ್ಲಿ ಕೂಡುತ್ತವೆ.

ಕರ್ನಾಟಕದ ಹೊರಗಿರುವ ನಮಗೆ ಇದರಲ್ಲಿ ಇನ್ನೊಂದು ನಾಚಿಕೆಯಿದೆ. ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಮಾತ್ರ ಕನ್ನಡ ಎಂದು ಹೆಮ್ಮೆಪಡುತ್ತೇವೆ. ಮಗುವಿಗೆ ಆ ಮನೆಗನ್ನಡದಲ್ಲಿ ಬೀಳುವುದೇನು? ಅಜ್ಜಿ ವಿಡಿಯೋ ಕಾಲಿನಲ್ಲಿ ಬಂದರೂ 'ಉಣ್ಣದಿದ್ದರೆ ಸೂಜಿ'. ಇಷ್ಟು ಒದ್ದಾಡಿ ಉಳಿಸಿಕೊಂಡ ಭಾಷೆಯನ್ನು ಬೆದರಿಸಲಿಕ್ಕೆ ಖರ್ಚು ಮಾಡುತ್ತೇವೆ.

ರಕ್ತದಲ್ಲೇ ಬಂದದ್ದಲ್ಲವೆ?

ಎದುರು ವಾದಕ್ಕೆ ಅದರ ಪಾಲು ಕೊಡಬೇಕು. ಎಲ್ಲವನ್ನೂ ಸಮಾನ ಸಲೀಸಾಗಿ ಹೆದರಲು ಕಲಿಯುವುದಿಲ್ಲ, ನಿಜ. ಅದೇ ಕೋತಿಗಳಿಗೆ ವಿಡಿಯೋವನ್ನು ಬೆಸೆದು, ಗಾಬರಿಯಾದ ಕೋತಿಯ ಮುಂದೆ ಹಾವಿನ ಬದಲು ಹೂ ಇರುವಂತೆ ತೋರಿಸಿದಾಗ ಅವು ಹೂವಿಗೆ ಹೆದರಲು ಕಲಿಯಲಿಲ್ಲ. ಮಾರ್ಟಿನ್ ಸೆಲಿಗ್ಮನ್ 1971ರಲ್ಲಿ ಹೇಳಿದ್ದು ಇದನ್ನೇ: ನಮ್ಮ ಪೂರ್ವಜರಿಗೆ ಕಂಟಕವಾಗಿದ್ದ ವಸ್ತುಗಳ ಭಯ ಬೇಗ ಅಂಟುತ್ತದೆ. ವಿದ್ಯುತ್ ಪ್ಲಗ್ಗಿನ ಫೋಬಿಯಾ ಇರುವವರು ಅಪರೂಪ, ಜೇಡಕ್ಕೆ ಹೆದರುವವರು ಎಲ್ಲೆಲ್ಲೂ. ನ್ಯೂಜಿಲೆಂಡಿನ ಡ್ಯುನೀಡಿನ್‌ನಲ್ಲಿ ಹುಟ್ಟಿನಿಂದ ಹಿಂಬಾಲಿಸಿದ ಮಕ್ಕಳ ಅಧ್ಯಯನವೊಂದು, ಚಿಕ್ಕಂದಿನಲ್ಲಿ ಬಿದ್ದು ಪೆಟ್ಟು ಮಾಡಿಕೊಂಡವರಲ್ಲಿ ಮುಂದೆ ಎತ್ತರದ ಭಯ ಹೆಚ್ಚೇನೂ ಇರಲಿಲ್ಲ ಎಂದು ತೋರಿಸಿತು. ಕೆಲವು ಭಯಗಳು ಕಲಿಯದೆಯೇ ಬಂದಿರಬಹುದು, ಅನುಭವ ಅವನ್ನು ಕಳೆಯುತ್ತದೆ ಎಂಬ ವಾದಕ್ಕೆ ಇದು ಬಲ ಕೊಡುತ್ತದೆ. ಇನ್ನು ರಕ್ತ ಮತ್ತು ಸೂಜಿಯ ಭಯವಂತೂ ಮನೆತನಗಳಲ್ಲಿ ಹರಿದು ಬರುತ್ತದೆ. ತಲೆಸುತ್ತಿ ಬೀಳುವ ಮೈಗುಣದಲ್ಲಿ ಹುಟ್ಟಿನ ಪಾಲಿದೆ.

ಇಷ್ಟನ್ನೆಲ್ಲ ಒಪ್ಪಿದ ಮೇಲೂ 'ಸ್ವಭಾವ' ಎಂಬ ಪದ ಗೆಲ್ಲುವುದಿಲ್ಲ. ಎರೆಮಣ್ಣಿನಲ್ಲಿ ಹತ್ತಿ ಚೆನ್ನಾಗಿ ಬರುತ್ತದೆ ನಿಜ, ಹಾಗೆಂದು ಬೀಜ ಬಿತ್ತಿದವರು ಯಾರೂ ಇಲ್ಲ ಎನ್ನುತ್ತೇವೆಯೇ? ಹುಟ್ಟಿನ ಒಲವು ಇರುವ ಮನೆಯಲ್ಲಿ ನಾವು ಇನ್ನೂ ಎಚ್ಚರವಾಗಿರಬೇಕಿತ್ತು. ಅದರ ಬದಲು ಆ ಒಲವನ್ನೇ ನೆಪ ಮಾಡಿಕೊಂಡೆವು.

ಬಿಡು ಎನ್ನುವ ಪ್ರೀತಿ

ಭಯ ಹುಟ್ಟುವುದು ಅರ್ಧ ಕತೆ. ಅದು ಯಾಕೆ ಹೋಗುವುದಿಲ್ಲ ಎಂಬುದು ಇನ್ನರ್ಧ. ವರ್ಷಕ್ಕೊಮ್ಮೆ ಸೂಜಿ ನೋಡುತ್ತಿದ್ದರೆ, ದೊಡ್ಡ ಕೇಡೇನೂ ಆಗದಿದ್ದರೆ, ಭಯ ತಾನಾಗಿ ಸವೆಯಬೇಕಿತ್ತಲ್ಲ? 1947ರಲ್ಲಿ ಮೌರರ್ ಎಂಬ ಮನಶ್ಶಾಸ್ತ್ರಜ್ಞ ಇದಕ್ಕೆ ಉತ್ತರ ಕೊಟ್ಟರು. ಭಯದ ವಸ್ತುವಿನಿಂದ ತಪ್ಪಿಸಿಕೊಂಡ ಕ್ಷಣ ಎದೆ ಹಗುರಾಗುತ್ತದೆ. ಆ ಹಗುರವೇ ಬಹುಮಾನ. ಬಹುಮಾನ ಸಿಕ್ಕ ಕೆಲಸವನ್ನು ಮನುಷ್ಯ ಮತ್ತೆ ಮಾಡುತ್ತಾನೆ. ತಪ್ಪಿಸಿಕೊಳ್ಳುತ್ತ ಹೋದಷ್ಟೂ 'ಏನೂ ಆಗುವುದಿಲ್ಲ' ಎಂದು ಕಲಿಯುವ ಅವಕಾಶವೇ ಬರುವುದಿಲ್ಲ. ಈ ವಿವರಣೆಯ ಎಲ್ಲ ಎಳೆಗಳೂ ಆಮೇಲಿನ ಸಂಶೋಧನೆಯಲ್ಲಿ ಉಳಿದಿಲ್ಲ. ಆದರೆ ತಪ್ಪಿಸಿಕೊಳ್ಳುವುದೇ ಭಯದ ಅನ್ನ ಎಂಬ ಮಾತು ಉಳಿದಿದೆ.

ಅಪ್ಪನ ಹನ್ನೊಂದು ವರ್ಷ ಹೀಗೆಯೇ ಕಳೆದವು. ಮುಂದಿನ ವಾರ, ಹಬ್ಬ ಆಗಲಿ, ಮಳೆ ನಿಲ್ಲಲಿ. ಪ್ರತಿ ಸಲವೂ ಅವ್ವ 'ಬಿಡ್ರಿ, ನಿಮಗ ಆಗಂಗಿಲ್ಲ' ಎನ್ನುತ್ತಿದ್ದಳು. ನನ್ನದು ಇನ್ನೂ ನಾಜೂಕಿನ ಅಪರಾಧ. ಒಮ್ಮೆ ಪುಣೆಯಿಂದಲೇ ಆನ್‌ಲೈನಿನಲ್ಲಿ ಮನೆಗೆ ಬಂದು ರಕ್ತ ತೆಗೆಯುವವರನ್ನು ಗೊತ್ತು ಮಾಡಿದ್ದೆ. ಹಿಂದಿನ ರಾತ್ರಿ ಅಪ್ಪ ಫೋನು ಮಾಡಿದರು. 'ಈಗ ಬ್ಯಾಡ' ಎಂದರು. ನಾನು ಎರಡು ಗುಂಡಿ ಒತ್ತಿ ರದ್ದು ಮಾಡಿದೆ. ಅವರ ದನಿ ಹಗುರಾಯಿತು, ಹವೆ ಬಗ್ಗೆ ಮಾತಾಡಿದೆವು. ಅಪ್ಪನನ್ನು ಅರ್ಥ ಮಾಡಿಕೊಂಡ ಮಗಳು ನಾನು ಎಂದು ಆ ರಾತ್ರಿ ನನಗೆ ಅನ್ನಿಸಿತ್ತು. ನಾನು ಮಾಡಿದ್ದು ಮೌರರ್ ಹೇಳಿದ ಬಹುಮಾನವನ್ನು ಕೈಯಾರೆ ಹಂಚಿದ್ದು. ಅದು ಕಣ್ಣು ಮಂಜಾಗುವುದಕ್ಕೆ ನಾಲ್ಕು ವರ್ಷ ಮೊದಲು.

'ಬಿಡು' ಎನ್ನುವವರ ಎದುರು ಬದಿಯಲ್ಲಿ 'ಧೈರ್ಯ ತಗೋ' ಎನ್ನುವವರಿದ್ದಾರೆ. ಅವರಿಂದ ಉಪಕಾರವಾಗಿದೆಯೇ? ಒಮ್ಮೆ ಸೋದರಮಾವ ಒಬ್ಬರು ಅಪ್ಪನನ್ನು ತೋಳು ಹಿಡಿದು ಲ್ಯಾಬಿಗೆ ಎಳೆದೊಯ್ದಿದ್ದರು. ಅಪ್ಪ ಕುಸಿದದ್ದು ಆ ದಿನವೇ. ಅವರು ಅಂದು ಕಲಿತದ್ದು ಧೈರ್ಯವನ್ನಲ್ಲ, ಲ್ಯಾಬಿನಲ್ಲಿ ನಾನು ಬೀಳುತ್ತೇನೆ, ಜನ ನಗುತ್ತಾರೆ ಎಂಬುದನ್ನು. ವಾಟ್ಸಾಪಿನಲ್ಲಿ ಬರುವ 'ಭಯವನ್ನು ಗೆಲ್ಲಿ' ಎಂಬ ಸೂರ್ಯೋದಯದ ಚಿತ್ರಗಳದೂ ಇದೇ ಜಾತಿ. ಮೈ ಕಲಿತದ್ದನ್ನು ಘೋಷಣೆಯಿಂದ ಅಳಿಸಲು ಆಗುವುದಿಲ್ಲ. ಮೈಗೆ ಇನ್ನೊಂದು ಪಾಠ ಬೇಕು, ಮೆಟ್ಟಿಲು ಮೆಟ್ಟಿಲಾಗಿ.

ಮೊಲ ಮತ್ತು ಮೆಟ್ಟಿಲು

ಆ ಪಾಠ ಹೇಗಿರಬೇಕೆಂದು 1924ರಲ್ಲೇ ಮೇರಿ ಕವರ್ ಜೋನ್ಸ್ ತೋರಿಸಿದ್ದರು. ಪೀಟರ್ ಎಂದು ಅವರು ಕರೆದ ಹುಡುಗನಿಗೆ ಇನ್ನೂ ಮೂರು ತುಂಬಿರಲಿಲ್ಲ. ಮೊಲ, ತುಪ್ಪಳ, ಹತ್ತಿ ಎಂದರೆ ಹೆದರಿಕೆ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟರು. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಮೊಲಕ್ಕೆ ಹೆದರದ ಮಕ್ಕಳನ್ನೂ ಜೊತೆಗೆ ಬಿಟ್ಟರು. ಮಧ್ಯೆ ಪೀಟರನಿಗೆ ಜ್ವರ ಬಂದು ಆಸ್ಪತ್ರೆ ಸೇರಿದ. ಬಿಡುಗಡೆಯಾಗಿ ಟ್ಯಾಕ್ಸಿ ಹತ್ತುವಾಗ ದೊಡ್ಡ ನಾಯಿಯೊಂದು ಮೈಮೇಲೆ ಹಾರಿತು. ಜೊತೆಗಿದ್ದ ನರ್ಸೂ ಹೆದರಿದಳು. ಕಳೆದಿದ್ದ ಭಯ ಪೂರ್ತಿ ಹಿಂದಕ್ಕೆ ಬಂತು. ಜೋನ್ಸ್ 'ಇವನ ಸ್ವಭಾವವೇ ಇಷ್ಟು' ಎಂದು ಪೆನ್ನು ಮುಚ್ಚಲಿಲ್ಲ, ಮತ್ತೆ ಮೊದಲ ಮೆಟ್ಟಿಲಿನಿಂದ ಶುರು ಮಾಡಿದರು. ಕೊನೆಗೆ ಹುಡುಗ ಮೊಲವನ್ನು ಮಡಿಲಲ್ಲಿಟ್ಟುಕೊಂಡ. ವಾಟ್ಸನ್ನನ ಪ್ರಯೋಗ ಪ್ರತಿ ಪಠ್ಯದಲ್ಲೂ ಇದೆ. ಜೋನ್ಸ್‌ಗೆ ಅಷ್ಟು ಜಾಗ ಸಿಕ್ಕಿಲ್ಲ. ಹೆದರಿಸಿದವನು ಪ್ರಸಿದ್ಧನಾದ, ಹೆದರಿಕೆ ಕಳೆದವಳು ಅಡಿಟಿಪ್ಪಣಿಯಾದಳು.

ಕಣ್ಣಿನ ಡಾಕ್ಟರ ಪ್ರಶ್ನೆಯ ಮೇಲೆ ಅಪ್ಪ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿ ಹೋದರು. ಅವರು ಅಪ್ಪನಿಂದಲೇ ಮೆಟ್ಟಿಲುಗಳ ಪಟ್ಟಿ ಬರೆಸಿದರು: ಸಿರಿಂಜಿನ ಚಿತ್ರ ನೋಡುವುದು, ಸ್ಪಿರಿಟ್ ಹಚ್ಚಿದ ಹತ್ತಿಯ ವಾಸನೆ ನೋಡುವುದು, ಮುಚ್ಚಳವಿರುವ ಸೂಜಿ ಕೈಯಲ್ಲಿ ಹಿಡಿಯುವುದು, ಇನ್ನೊಬ್ಬರು ರಕ್ತ ಕೊಡುವುದನ್ನು ನೋಡುವುದು. ಒಂದು ಮೆಟ್ಟಿಲಲ್ಲಿ ಭಯ ಇಳಿಯುವತನಕ ನಿಂತು ಮುಂದಕ್ಕೆ ಹೋಗುವುದು.

ಇನ್ನೊಂದು ಸಂಗತಿ ಅವರು ಕಲಿಸಿದರು, ಇದನ್ನು ನೀವು ಬರೆದಿಟ್ಟುಕೊಂಡರೂ ಸರಿಯೆ. ಉಳಿದ ಭಯಗಳಲ್ಲಿ ಎದೆಬಡಿತ, ರಕ್ತದೊತ್ತಡ ಏರುತ್ತವೆ. ರಕ್ತ ಮತ್ತು ಸೂಜಿಯ ಭಯದಲ್ಲಿ ಹಲವರಿಗೆ ಅವು ಮೊದಲು ಏರಿ ಆಮೇಲೆ ಸರ‍್ರನೆ ಇಳಿಯುತ್ತವೆ, ಆಗಲೇ ಮನುಷ್ಯ ಬೀಳುವುದು. ಅಂಥವರಿಗೆ 'ಮೈ ಸಡಿಲ ಬಿಡಿ' ಎನ್ನುವುದು ತಲೆಕೆಳಗಾದ ಸಲಹೆ. ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ಬೆಳೆಸಿದ ವಿಧಾನ ಇದರ ತಿರುವು: ಕೈಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು, ಮುಖ ಬೆಚ್ಚಗಾದ ಮೇಲೆ ಬಿಡುವುದು. ಇಪ್ಪತ್ತು ಮೂವತ್ತು ಸೆಕೆಂಡು ಬಿಟ್ಟು ಮತ್ತೆ ಮಾಡುವುದು. ಐದು ಸಲ. ಚುಚ್ಚುವ ತೋಳು ಮಾತ್ರ ಸಡಿಲವಾಗಿರಬೇಕು. ಇದರಿಂದ ರಕ್ತದೊತ್ತಡ ಕೆಳಗೆ ಬೀಳದೆ ನಿಲ್ಲುತ್ತದೆ. ಕಂಬ ಹತ್ತಿ ಗಟ್ಟಿಯಾದ ಮೈ ಅಪ್ಪನದು. ಬಿಗಿಹಿಡಿಯುವುದು ಬೇಗ ಬಂತು.

ಈಗ ಅವರು ಗ್ಲುಕೋಮೀಟರಿನಿಂದ ತಾವೇ ಬೆರಳು ಚುಚ್ಚಿಕೊಳ್ಳುತ್ತಾರೆ. ಪರಿಚಯದ ಲ್ಯಾಬಿನಲ್ಲಿ ಮಲಗಿಕೊಂಡು ರಕ್ತ ಕೊಡುತ್ತಾರೆ. ಈಚೆಗೆ ಹುಬ್ಬಳ್ಳಿಯ ಹೊಸದೊಂದು ಲ್ಯಾಬಿಗೆ ಹೋದಾಗ ಹಳೆಯ ಬೆವರು ಮತ್ತೆ ಬಂತು. ಇದು ಸೋಲಲ್ಲ. ಹೊಸ ಪಾಠ ಹಳೆಯದನ್ನು ಅಳಿಸುವುದಿಲ್ಲ, ಅದರ ಪಕ್ಕದಲ್ಲಿ ಕೂರುತ್ತದೆ. ಜಾಗ ಬದಲಾದರೆ ಹಳೆಯದು ಮೊದಲು ಮಾತಾಡುತ್ತದೆ. ಹಾಗಾಗಿ ಬೇರೆಬೇರೆ ಕಡೆ ಅಭ್ಯಾಸ ಮಾಡಬೇಕು. ಎಡಗಣ್ಣಿನಲ್ಲಿ ಹೋದದ್ದು ಮಾತ್ರ ಅಭ್ಯಾಸದಿಂದ ಬರುವುದಿಲ್ಲ.

ನಾಳೆ ಊಟದ ಹೊತ್ತಿಗೆ

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ದೊಡ್ಡದೇನಲ್ಲ.

ವೈದ್ಯರನ್ನು, ಸೂಜಿಯನ್ನು ಶಿಕ್ಷೆಯ ಹೆಸರಾಗಿ ಬಳಸಬೇಡಿ. ಒಮ್ಮೆಯೂ, ತಮಾಷೆಗೂ. ಎದುರು ಬದಿಯ ಸುಳ್ಳನ್ನೂ ಹೇಳಬೇಡಿ. 'ಏನೂ ನೋಯಲ್ಲ ಪುಟ್ಟಾ' ಎಂದ ಮರುಕ್ಷಣ ನೋವಾದರೆ ಮಗು ಸೂಜಿಯ ಜೊತೆಗೆ ನಿಮ್ಮ ಮಾತಿಗೂ ಹೆದರಲು ಕಲಿಯುತ್ತದೆ. ಲಸಿಕೆಯ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಸಲಹೆಯೂ ಇದನ್ನೇ ಹೇಳುತ್ತದೆ: ಸುಳ್ಳು ಸಮಾಧಾನ ಬೇಡ, ಹೆದರಿಸುವ ಮಾತೂ ಬೇಡ, ಕೂಸನ್ನು ತಾಯಿಯೋ ತಂದೆಯೋ ಎತ್ತಿಕೊಂಡಿರಲಿ, ಎದೆಹಾಲು ಕುಡಿಯುವ ಕೂಸಾದರೆ ಕುಡಿಸುತ್ತಲೇ ಹಾಕಿಸಬಹುದು, ತಲೆಸುತ್ತುವವರನ್ನು ಮಲಗಿಸಿ ಚುಚ್ಚಲಿ. 'ಸ್ವಲ್ಪ ನೋಯುತ್ತದೆ, ನಾನು ಇಲ್ಲೇ ಇರುತ್ತೇನೆ' ಎನ್ನಲು ಯಾವ ಖರ್ಚೂ ಇಲ್ಲ.

ನಿಮಗೇ ಭಯವಿದ್ದರೆ ಮಗುವಿನ ಲಸಿಕೆಗೆ ಭಯವಿಲ್ಲದವರನ್ನು ಕಳಿಸಿ. ಮಿನೇಕಾ ಅವರ ಕೋತಿಗಳಲ್ಲಿ, ಹಾವಿನ ಮುಂದೆ ನೆಮ್ಮದಿಯಾಗಿದ್ದ ಕೋತಿಯನ್ನು ಮೊದಲು ನೋಡಿದವು ಆಮೇಲೆ ಗಾಬರಿಯ ಕೋತಿಯನ್ನು ಕಂಡರೂ ಹೆಚ್ಚಿನವು ಹೆದರಲು ಕಲಿಯಲಿಲ್ಲ. ಧೈರ್ಯವೂ ಕಣ್ಣಿನಿಂದಲೇ ಹತ್ತುತ್ತದೆ, ಮುಂಚೆಯೇ ಹತ್ತಿದರೆ ಲಸಿಕೆಯಂತೆ ಕಾಯುತ್ತದೆ.

ಮನೆಯ ಹಿರಿಯರೊಬ್ಬರು ತಪಾಸಣೆಯನ್ನು ಮುಂದೂಡುತ್ತಲೇ ಇದ್ದರೆ 'ಅವರದು ಹಂಗ' ಎನ್ನುವುದನ್ನು ನಿಲ್ಲಿಸಿ. ಎಳೆಯಬೇ‌ಡಿ, ಬಿಡಲೂ ಬೇಡಿ. ಕಳೆಯಬಹುದಾದ ಮಾನಸಿಕ ತೊಂದರೆಗಳಲ್ಲಿ ಫೋಬಿಯಾ ಮುಂಚೂಣಿಯದು. ಕೆಲವು ಬಗೆಯ ಫೋಬಿಯಾಗಳಿಗೆ ಓಸ್ಟ್ ಅವರು ಮೂರು ಗಂಟೆಯ ಒಂದೇ ಬೈಠಕ್ಕಿನ ಚಿಕಿತ್ಸೆಯನ್ನೂ ರೂಪಿಸಿದ್ದಾರೆ. ಎಲ್ಲಿಂದ ಶುರು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಇದೆ. ದೇಶದ ಯಾವ ಮೂಲೆಯಿಂದಲೂ ಫೋನು ಮಾಡಬಹುದು.

ಆ ದೀಪಾವಳಿಯ ಮಧ್ಯಾಹ್ನ ಎಲ್ಲರ ನಗು ಮುಗಿದ ಮೇಲೆ ಅಪ್ಪ ಕೈ ತೊಳೆದು ಬಂದರು. ಗ್ಲುಕೋಮೀಟರಿನ ಪುಟ್ಟ ಚೀಲ ತಂದು ಮೊಮ್ಮಗಳ ಪಕ್ಕ ಕೂತರು. ಪಟ್ಟಿ ಸಿಕ್ಕಿಸಿದರು, ಬೆರಳು ಒರೆಸಿದರು, ಟಕ್ ಎಂದು ಚುಚ್ಚಿಕೊಂಡರು. ಹುಡುಗಿ ಕಣ್ಣರಳಿಸಿ ಕೇಳಿದಳು: "ಅಜ್ಜಾ, ನೀ ಉಣ್ಣಲಿಲ್ಲೇನು?"

ಸೂಜಿ ಎಂದರೆ ಶಿಕ್ಷೆ ಎಂಬ ಪಾಠವನ್ನು ನಾಲ್ಕೇ ವರ್ಷಕ್ಕೆ ಅವಳು ಕಲಿತಾಗಿತ್ತು. ಅಪ್ಪ ಹೇಳಿದರು: "ಉಂಡೇನಿ. ಇದು ಹೆದರ್ಸಾಕ ಅಲ್ಲವಾ, ನೋಡಾಕ." ಅವಳು ಬಗ್ಗಿ ರಕ್ತದ ಹನಿ ನೋಡಿದಳು, ಯಂತ್ರದಲ್ಲಿ ಅಂಕಿ ಮೂಡುವವರೆಗೂ ಅಲ್ಲೇ ಕೂತಿದ್ದಳು. ಅವ್ವ ಏನೂ ಅನ್ನಲಿಲ್ಲ. ಆ ರಾತ್ರಿ ಊಟಕ್ಕೆ ಹಟ ಮಾಡಿದಾಗ ಡಾಕ್ಟರ ಹೆಸರು ಬರಲಿಲ್ಲ. ಹುಡುಗಿ ಅರ್ಧ ಅನ್ನ ಬಿಟ್ಟಳು. ಬಿಡಲಿ.